ಕುಜ ಟಿವಿಗೆ ಬಂದ ಮಧ್ಯಾಹ್ನ

ನಮ್ಮ ಮನೆಯ ಟಿವಿ ಬೆಳಗ್ಗೆ ಒಂದು ಹೇಳುತ್ತದೆ, ಮಧ್ಯಾಹ್ನ ಇನ್ನೊಂದು ಹೇಳುತ್ತದೆ. ಬೆಳಗ್ಗೆ ರೇಷ್ಮೆ ಶಾಲು ಹೊದ್ದ ಒಬ್ಬರು ಕೂತು, ಈ ವಾರ ಯಾವ ರಾಶಿಯವರು ದಕ್ಷಿಣಕ್ಕೆ ಹೋಗಬಾರದು, ಯಾವ ರಾಶಿಯವರು ಹೊಸ ಕೆಲಸಕ್ಕೆ ಕೈ ಹಾಕಬಾರದು ಎಂದು ಗದರಿಸುತ್ತಾರೆ. ಅವರ ಬೆನ್ನ ಹಿಂದೆ ಕಪ್ಪು ಆಕಾಶ, ಅದರಲ್ಲಿ ಬಳೆ ತೊಟ್ಟ ಶನಿ, ಕೆಂಪಗೆ ಕುಜ, ಪಟ್ಟೆಪಟ್ಟೆ ಗುರು. ಮಧ್ಯಾಹ್ನ ಇನ್ನೊಂದು ಚಾನೆಲ್ಲಿನಲ್ಲಿ ಸೌರಮಂಡಲದ ಸಾಕ್ಷ್ಯಚಿತ್ರ ಬಂದರೆ ಅಲ್ಲಿಯೂ ಅದೇ ಆಕಾಶ, ಅದೇ ಬಳೆ, ಅದೇ ಪಟ್ಟೆ. ಪಟ ಒಂದೇ, ಮಾತು ಮಾತ್ರ ಬೇರೆ. ನಾನು ಆಲೂರಿನ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುವವಳು. ಇದರಲ್ಲಿ ತಲೆ ಕೆಡಿಸಿಕೊಳ್ಳುವಂಥದ್ದು ಏನೂ ಇಲ್ಲ ಎಂದು ಇತರರಿಗೆ ಹೇಳಬೇಕಾದವಳು. ಆದರೆ ಕಾಫಿ ಹಣ್ಣು ಕೀಳುವ ಕಾಲದ ಒಂದು ಭಾನುವಾರ, ಊಟ ಮುಗಿಸಿಕೊಂಡು ನಾವೆಲ್ಲ ಆ ಸಾಕ್ಷ್ಯಚಿತ್ರ ನೋಡಿದಾಗ ಕೆಟ್ಟ ನನ್ನ ತಲೆ ಇನ್ನೂ ಸರಿಹೋಗಿಲ್ಲ.

ಅದನ್ನು ಹಾಕಿದವಳು ನಾನೇ, ಬೇಕೆಂದೇ ಹಾಕಿದ್ದೆ. ಕಾರಣ ನನ್ನ ಮದುವೆ.

ನಮ್ಮ ಕಡೆಗೆ ಒಬ್ಬ ಲೈನ್‌ಮನ್ ಬರುತ್ತಾನೆ, ಕುಂದೂರಿನವನು. ಒಂದು ಮಳೆಗಾಲ ಮರ ಬಿದ್ದು ದಿನಗಟ್ಟಲೆ ಕರೆಂಟಿಲ್ಲದೆ ಕೂತಾಗ ನಾನು ಅವನಿಗೆ ಫೋನು ಮಾಡಿ ಬಾಯಿಗೆ ಬಂದ ಹಾಗೆ ಬೈದಿದ್ದೆ. ಅವನು ಬಂದು, ಕಂಬ ಹತ್ತಿ, ವೈರು ಬಿಗಿದು, ಮೇಲಿನಿಂದಲೇ ನನಗೆ ತಿರುಗಿ ಬೈದ. ಇಷ್ಟು ಚೆನ್ನಾಗಿ ಬೈಯಲು ಬರುವ ಗಂಡಸನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ. ಆಮೇಲೆ ಕರೆಂಟ್ ಇದ್ದಾಗಲೂ ಫೋನು ಮಾಡುವುದು ಶುರುವಾಯಿತು. ಅಪ್ಪನಿಗೆ ಹುಡುಗ ಹಿಡಿಸಿದ. ಅವರ ಮನೆಯವರು ಬಂದು ಹೋದರು. ಜಾತಕಗೀತಕ ನಮಗೆ ಬೇಡ, ಹೆಸರುಬಲ ನೋಡಿಸಿದರೆ ಸಾಕು ಎಂದರು. ಜಾತಕ ನೋಡಿಸಲೇಬೇಕು ಎಂದು ಹಟ ಹಿಡಿದದ್ದು ನಮ್ಮ ಅತ್ತೆ.

ಅತ್ತೆ ಎಂದರೆ ಅಪ್ಪನ ತಂಗಿ. ಅಮ್ಮ ನಾನು ಅಂಬೆಗಾಲಿಡುವಾಗಲೇ ತೀರಿಕೊಂಡಿದ್ದರಿಂದ ನನ್ನ ತಲೆಗೆ ಎಣ್ಣೆ ಹಚ್ಚಿದ್ದು, ಸ್ಕೂಲಿಗೆ ಕಳಿಸಿದ್ದು, ನನ್ನ ಕೈಲಿ ಬೈಸಿಕೊಂಡಿದ್ದು ಎಲ್ಲ ಅವಳೇ. ಅವಳಿಗೆ ಮದುವೆಯಾಗಿಲ್ಲ. ವಯಸ್ಸಿನಲ್ಲಿದ್ದಾಗ ಬಾಳ್ಳುಪೇಟೆ ಕಡೆಯ ಒಂದು ಸಂಬಂಧ ಗೊತ್ತಾಗಿತ್ತಂತೆ. ನಮ್ಮಲ್ಲಿ ಆವರೆಗೆ ಹೆಸರು ನೋಡಿ ಮದುವೆ ಮಾಡುವುದೇ ಹೊರತು ಜಾತಕ ಬರೆಸುವ ರೂಢಿ ಇರಲಿಲ್ಲ. ಆ ಹುಡುಗನ ತಂದೆ ಕೇಳಿದರು ಎಂದು ನಮ್ಮಜ್ಜ ಜೋಯಿಸರ ಹತ್ತಿರ ಹೋಗಿ ಬರೆಸಿಕೊಂಡು ಬಂದರು. ಏಳನೇ ಮನೆಯಲ್ಲಿ ಕುಜ, ಕಟ್ಟಿಕೊಂಡವನು ಬಾಳುವುದಿಲ್ಲ ಎಂದು ಬಂತು. ಆದರೂ ಹುಡುಗ ಹಿಂದೆ ಸರಿಯಲಿಲ್ಲ, ಶಾಂತಿ ಮಾಡಿಸಿ ಮದುವೆಯಾಗೋಣ ಎಂದು ಎರಡು ಸಲ ಮನೆಗೆ ಬಂದಿದ್ದ. ಬೇಡ ಎಂದವಳು ಅತ್ತೆ. ಆ ಮನುಷ್ಯ ಆಮೇಲೆ ಬೇರೆ ಕಡೆ ಮದುವೆಯಾಗಿ, ಬಾಳ್ಳುಪೇಟೆಯಲ್ಲಿ ಬೀಜ ಗೊಬ್ಬರದ ಅಂಗಡಿ ಇಟ್ಟುಕೊಂಡು ಇವತ್ತಿಗೂ ಗುಂಡುಕಲ್ಲಿನ ಹಾಗೆ ಇದ್ದಾರೆ. ಅತ್ತೆ ಮಾತ್ರ ಅವತ್ತಿನಿಂದ ಮಂಗಳವಾರ ಉಪವಾಸ ಹಿಡಿದಳು. ಕುಜನ ಧಾನ್ಯ ತೊಗರಿ ಎಂದು ವಾರವಾರವೂ ಒಂದು ಪಾವು ತೊಗರಿಬೇಳೆ ದೇವಸ್ಥಾನಕ್ಕೆ ಕೊಟ್ಟು ಬರುತ್ತಾಳೆ.

ನನ್ನ ಜಾತಕ ನೋಡಿಸಿದರೆ ನನಗೂ ಕುಜ, ಅದೇ ಏಳನೇ ಮನೆ. ನಾನು ಹುಟ್ಟಿದ್ದು ಆಸ್ಪತ್ರೆಯಲ್ಲಿ. ನರ್ಸು ಗಡಿಯಾರ ನೋಡಿ ಬರೆದುಕೊಟ್ಟ ಹೊತ್ತು, ಅದರಲ್ಲಿ ಅನುಮಾನಕ್ಕೆ ಜಾಗ ಇಲ್ಲ. ಅತ್ತೆ ನೆಲಕ್ಕೆ ಕುಸಿದು ಕೂತಳು.

"ದಿನಾ ಕಂಬ ಹತ್ತೋ ಹುಡುಗ ಕಣೇ ಅವ್ನು," ಎಂದಳು. "ಅಂಥೋನ್ನ ತಂದು ನಿನ್ನ ಕೈಗೆ ಕೊಟ್ಟು ನಾನು ಹೆಂಗೆ ಕಣ್ಣು ಮುಚ್ಚಲಿ?"

ಅವನ ತಾಯಿ, ಮೊದಲು ಬಾಳೆಗಿಡಕ್ಕೆ ಮದುವೆ ಮಾಡಿಸಿ ಆ ಗಿಡ ಕಡಿದುಬಿಡೋಣ, ದೋಷ ಅದರ ಜೊತೆಗೇ ಹೋಗುತ್ತದೆ ಎಂದು ಹೇಳಿ ಕಳಿಸಿದರು. "ಬಾಳೆಗಿಡ ಯಾವ್ದು ಮನುಷ್ಯ ಯಾವ್ದು ಅಂತ ಕುಜಂಗೆ ಗೊತ್ತಾಗಲ್ವಾ?" ಎಂದು ಅತ್ತೆ ಅದನ್ನೂ ತಳ್ಳಿಹಾಕಿದಳು. ಅಪ್ಪ ತಂಗಿಯ ಮಾತು ಮೀರುವವರಲ್ಲ, ತನ್ನ ಜೀವನ ಕುಟುಂಬಕ್ಕೆ ಸವೆಸಿದವಳ ಮಾತು ಎಂದು. ನನಗೆ ಮೈ ಉರಿಯುತ್ತಿತ್ತು. ತಿಂಗಳುಗಟ್ಟಲೆ ವಾದ ಮಾಡಿ ಗಂಟಲು ಕಟ್ಟಿಸಿಕೊಂಡ ಮೇಲೆ, ಟಿವಿಯಲ್ಲಿ ಈ ಸಾಕ್ಷ್ಯಚಿತ್ರದ ಜಾಹೀರಾತು ಕಂಡಿತು. ಕುಜ ಎಂದರೆ ಏನು ಎಂದು ಕಣ್ಣಾರೆ ನೋಡಲಿ, ಆಮೇಲೆ ಮಾತಾಡಲಿ ಎಂದುಕೊಂಡೆ.

ನೋಡಲು ಕೂತವರು ಅಪ್ಪ, ಅತ್ತೆ, ನಾನು, ಗೋಡೆ ಪಕ್ಕದ ಮಂಚದ ಮೇಲೆ ಅಜ್ಜಿ. ಅಜ್ಜಿ ಎಂದರೆ ಅಪ್ಪನ ಮತ್ತು ಅತ್ತೆಯ ತಾಯಿ. ಎಂಬತ್ತು ದಾಟಿ ಎಷ್ಟೋ ವರ್ಷವಾಗಿದೆ, ಕಿವಿ ಚುರುಕು, ಬಾಯಿ ಇನ್ನೂ ಚುರುಕು. ಜೊತೆಗೆ ರೈಟರು. ಪಕ್ಕದ ದೊಡ್ಡ ಎಸ್ಟೇಟಿನಲ್ಲಿ ಆಳುಗಳ ಹಾಜರಿ ಹಾಕುವ ರೈಟರ್ ಕೆಲಸ ಮಾಡಿ ನಿವೃತ್ತರಾದವರು. ನಮ್ಮಜ್ಜ ಅದೇ ಎಸ್ಟೇಟಿನಲ್ಲಿ ಮೇಸ್ತ್ರಿಯಾಗಿದ್ದರಿಂದ ಹಳೆಯ ಬಳಕೆ. ಭಾನುವಾರ ನಮ್ಮ ಮನೆಯ ಕಾಫಿ ಕುಡಿಯದಿದ್ದರೆ ಅವರಿಗೆ ವಾರ ಮುಗಿದ ಹಾಗೆ ಆಗುವುದಿಲ್ಲ.

ಮೊದಲು ಸೂರ್ಯ ಬಂದ. ಕುದಿಯುವ ಬೆಂಕಿಯ ಉಂಡೆ ತೆರೆ ತುಂಬ ಹೊರಳಿತು. ಇನ್ನೂ ಐನೂರು ಕೋಟಿ ವರ್ಷ ಈ ಸೂರ್ಯ ಹೀಗೇ ಉರಿಯುತ್ತಾನೆ ಎಂದು ಹಿನ್ನೆಲೆಯ ದನಿ ಗಂಭೀರವಾಗಿ ಹೇಳಿತು. ಅಪ್ಪ ಕಿಟಕಿಯ ಆಚೆ ನೋಡಿದರು. ಕಣದಲ್ಲಿ ಕಾಫಿ ಹರವಿತ್ತು, ದೋಣಿಗಲ್ ಕಡೆಯ ಗುಡ್ಡದ ಮೇಲೆ ಒಂದು ಮೋಡ ಕೂತಿತ್ತು.

"ಐನೂರು ಕೋಟಿ ವರ್ಷದ್ದು ಆಮೇಲಾಯ್ತು," ಎಂದರು ಅಪ್ಪ. "ಈ ವಾರ ಇರ್ತಾನೋ ಇಲ್ವೋ ಅದನ್ನ ಹೇಳೀರಾ?"

ಆಮೇಲೆ ಗ್ರಹಗಳನ್ನೆಲ್ಲ ಸಾಲಾಗಿ ಒಮ್ಮೆ ತೋರಿಸಿದರು. ರೈಟರಿಗೆ ಹಳೆಯ ಚಾಳಿ, ಸಾಲಾಗಿ ಏನು ಕಂಡರೂ ಎಣಿಸುತ್ತಾರೆ. ಎಣಿಸಿದರು. ಎಂಟೇ ಇದ್ದವು.

"ಒಂದು ಶಾರ್ಟು," ಎಂದರು. "ನವಗ್ರಹ ಅಲ್ವೇನ್ರೀ? ಒಂಬತ್ತಿರಬೇಕಲ್ಲ."

ಸೂರ್ಯ ಗ್ರಹವಲ್ಲ, ನಕ್ಷತ್ರ ಎಂದೆ. ಅವರು ಒಂದು ಬೆರಳು ಮಡಿಸಿದರು. ಚಂದ್ರನೂ ಗ್ರಹವಲ್ಲ ಎಂದೆ. ಇನ್ನೊಂದು ಮಡಿಸಿದರು. ರಾಹು ಕೇತು ಲೆಕ್ಕದಲ್ಲಿಲ್ಲ ಎಂದಾಗ ಮಡಿಸಿದ ಬೆರಳುಗಳನ್ನೇ ನೋಡುತ್ತ, "ಹಂಗಾದ್ರೆ ಐದೇ ಉಳೀತಲ್ಲಮ್ಮ ಟೀಚರಮ್ಮ, ಇಲ್ಲಿ ಎಂಟು ಹೆಂಗೆ ನಿಂತವೆ?" ಎಂದರು. ಉಳಿದ ಮೂರರಲ್ಲಿ ಎರಡು ದುರ್ಬೀನಿನಲ್ಲಿ ಆಮೇಲೆ ಕಂಡದ್ದು, ಮೂರನೆಯದು ನಮ್ಮ ಭೂಮಿ ಎಂದೆ. ಹಿಂದೆ ಪ್ಲೂಟೊ ಎಂದೂ ಒಂದಿತ್ತು, ಚಿಕ್ಕದು ಎಂದು ತೆಗೆದರು ಎಂದು ಯಾಕೆ ಬಾಯಿಬಿಟ್ಟೆನೋ. ರೈಟರಿಗೆ ಕೋಪ ಬಂತು.

"ಚಿಕ್ಕದು ಅಂತ ಹಾಜರಿಯಿಂದ ಹೆಸರು ಹೊಡೀತಾರಾ? ಅದೇನು ತಪ್ಪು ಮಾಡಿತ್ತು? ಇಷ್ಟು ವರ್ಷ ಸುತ್ತಿಲ್ವಾ?"

ಅಜ್ಜಿ ಮಂಚದ ಮೇಲೆ ಎದ್ದು ಕೂತಳು. "ಭೂಮೀನೂ ಗ್ರಹ ಅಂದ್ಯಲ್ಲ ಮಗ. ನಾವು ಕೂತಿರೋ ಈ ನೆಲ?"

"ಹೂಂ ಅಜ್ಜಿ."

"ಶನಿ ಕಾಟ ಐತೆ, ಕುಜನ ಕಾಟ ಐತೆ. ನಮ್ಮ ಕಾಟ ಯಾರಿಗೆ?"

ಅಷ್ಟಕ್ಕೇ ಅಜ್ಜಿ ಬಿಡಲಿಲ್ಲ. ಆ ಗ್ರಹಗಳಲ್ಲಿಯೂ ಯಾರಾದರೂ ಇದ್ದು, ಹೆಣ್ಣು ಹುಟ್ಟಿ, ಅವಳಿಗೆ ಭೂಮಿದೋಷ ಎಂದು ಯಾರಾದರೂ ಬರೆದುಕೊಟ್ಟಿದ್ದರೆ ಆ ಪಾಪ ನಮಗೆ ಬರುವುದಿಲ್ಲವೇ ಎಂದು ಕೇಳಿದಳು. ನನ್ನ ಕ್ಲಾಸಿನಲ್ಲಿ ಈವರೆಗೆ ಯಾವ ಮಗುವೂ ಇಂಥ ಪ್ರಶ್ನೆ ಕೇಳಿಲ್ಲ. ಆ ಸಾಲು ತೋರಿಸುತ್ತಲೇ ಟಿವಿ ಗುರುಗ್ರಹಕ್ಕೆ ಹತ್ತಾರು ಚಂದ್ರರಿದ್ದಾರೆ ಎಂದಾಗ ಅವಳ ತಲೆನೋವು ಇನ್ನೂ ಹೆಚ್ಚಿತು. ಅಷ್ಟೊಂದು ಚಂದ್ರ ಇದ್ದರೆ ಅಮಾವಾಸ್ಯೆ ಯಾವತ್ತು, ಅಮಾವಾಸ್ಯೆ ಗೊತ್ತಾಗದಿದ್ದರೆ ಎತ್ತಿಗೆ ರಜೆ ಯಾವತ್ತು ಎಂದು ಗೊಣಗಿದಳು. ಮನೆಯಲ್ಲಿ ಎತ್ತು ಹೋಗಿ ಟಿಲ್ಲರ್ ಬಂದು ಬಹಳ ವರ್ಷವಾಯಿತು. ಅಮಾವಾಸ್ಯೆ ದಿನ ಟಿಲ್ಲರಿಗೂ ರಜೆ ಕೊಡಿಸುವವಳು ಅವಳು.

ಅತ್ತೆ ಮಾತ್ರ ಒಂದೂ ಮಾತಾಡಿರಲಿಲ್ಲ. ಕೆಳಗೆ ಚಾಪೆಯ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದಳು. ನಾನು ಟಿವಿ ನೋಡುವುದಕ್ಕಿಂತ ಹೆಚ್ಚಾಗಿ ಅವಳನ್ನೇ ನೋಡುತ್ತಿದ್ದೆ.

"ಈಗ ಮಂಗಳ ಗ್ರಹ," ಎಂದಿತು ದನಿ. ಕೆಂಪು ನೆಲ ತೆರೆ ತುಂಬ ಹರಡಿತು. ಘಾಟಿಯ ರಸ್ತೆ ಅಗಲ ಮಾಡಲು ಗುಡ್ಡ ಕಡಿದಾಗ ಒಳಗಿನಿಂದ ಬಂತಲ್ಲ, ಅಂಥದ್ದೇ ಮಣ್ಣು. ಅಲ್ಲಲ್ಲಿ ಕಲ್ಲು. ಗಿಡವಿಲ್ಲ, ನೀರಿಲ್ಲ. ಆರು ಚಕ್ರದ ಒಂದು ಗಾಡಿ ಒಂಟಿಯಾಗಿ ಧೂಳಿನಲ್ಲಿ ತೆವಳುತ್ತಿತ್ತು.

ಅತ್ತೆಯ ಕೈಯಲ್ಲಿದ್ದ ಅವರೆಕಾಯಿ ಅರ್ಧ ಸುಲಿದು ನಿಂತಿತು.

"ಇವ್ನೇನಾ ಕುಜ?" ಎಂದಳು.

"ಇವನೇ ಅತ್ತೆ," ಎಂದೆ. ನನ್ನ ದನಿಯಲ್ಲಿ ಗೆದ್ದ ಗತ್ತು ಇದ್ದಿರಬೇಕು.

ಅವಳು ಬಹಳ ಹೊತ್ತು ನೋಡಿದಳು. ಗಾಡಿ ಒಂದು ಕಲ್ಲಿನ ಹತ್ತಿರ ಹೋಗಿ, ಅದನ್ನು ಕೆರೆದು, ಮುಂದಕ್ಕೆ ಹೋಯಿತು.

"ಅಲ್ಲಿ ಯಾರೂ ಇಲ್ವಲ್ಲೇ," ಎಂದಳು ಕೊನೆಗೆ. ಅಷ್ಟು ವರ್ಷ ಉಪವಾಸವಿದ್ದು ಬೇಡಿಕೊಂಡ ಮನೆಯ ಬಾಗಿಲು ತೆರೆದಾಗ ಒಳಗೆ ಯಾರೂ ಇಲ್ಲ ಎಂದು ಕಂಡವಳ ದನಿ ಅದು. ನನಗೆ ಗೆದ್ದ ಖುಷಿ ಎಲ್ಲಿ ಹೋಯಿತೋ ಗೊತ್ತಾಗಲಿಲ್ಲ.

ಅಲ್ಲಿಗೇ ನಿಂತಿದ್ದರೆ ವಿಷಯ ಸುಲಭವಿತ್ತು. ಆದರೆ ಟಿವಿ ಇನ್ನೊಂದು ಮಾತು ಹೇಳಿತು. ಮಂಗಳದ ದಿನ ನಮ್ಮ ದಿನಕ್ಕಿಂತ ಅರ್ಧ ಗಂಟೆಗೂ ಸ್ವಲ್ಪ ಹೆಚ್ಚು ಉದ್ದವಂತೆ. ಆ ಗಾಡಿ ನಡೆಸುವವರು ಭೂಮಿಯ ಮೇಲೆ ಕೂತೇ ಮಂಗಳದ ಹೊತ್ತಿಗೆ ಕೆಲಸಕ್ಕೆ ಬರಬೇಕಂತೆ, ಹಾಗಾಗಿ ದಿನದಿಂದ ದಿನಕ್ಕೆ ತಡವಾಗುತ್ತ ಹೋಗುತ್ತದಂತೆ.

ರೈಟರು ನಕ್ಕರು. "ದಿನಾ ಹಾಜರಿಗೆ ಲೇಟು! ನಮ್ಮ ಎಸ್ಟೇಟಲ್ಲಾಗಿದ್ರೆ ವಾಪಸ್ ಕಳಿಸ್ಬುಡ್ತಿದ್ದೆ ಕಣ್ರೀ."

"ನಿಮ್ಮ ಗಂಟೆ ಏನು ಕಮ್ಮಿ ಇತ್ತಾ ರೈಟ್ರೇ?" ಎಂದಳು ಅಜ್ಜಿ. "ಹಣ್ಣು ಕೀಳೋ ಟೈಮಲ್ಲಿ ಅರ್ಧ ಗಂಟೆ ಮುಂಚೇನೇ ಹೊಡೀತಿದ್ರಿ. ಚಳೀಲಿ ಎದ್ದು ಓಡಬೇಕಿತ್ತು ಜನ."

"ಹೂಂ ಮತ್ತೆ, ಹಣ್ಣಿನ ಟೈಮಲ್ಲಿ ಮುಂಚೆ ಹೊಡೀಲೇಬೇಕು. ನನಗಿಂತ ಮುಂಚೆ ಇದ್ದ ದೊಡ್ಡ ರೈಟರ ಕಾಲದಿಂದ್ಲೂ ಹಂಗೇ."

ಆ ಗಂಟೆಯ ವಿಷಯ ಹೇಳಬೇಕು. ಎಸ್ಟೇಟಿನ ಸ್ಟೋರ್ ಮುಂದೆ ಮರಕ್ಕೆ ಒಂದು ಕಬ್ಬಿಣದ ತುಂಡು ತೂಗುಹಾಕಿರುತ್ತಿತ್ತು. ಬೆಳಗ್ಗೆ ಕೆಲಸ ಶುರುವಾಗುವಾಗ ಅದಕ್ಕೆ ಸುತ್ತಿಗೆಯಿಂದ ಬಡಿಯುತ್ತಿದ್ದರು. ಮನೆಗಳಲ್ಲಿ ಗಡಿಯಾರ ಇಲ್ಲದ ಕಾಲ. ಸುತ್ತಿನ ಹಳ್ಳಿಗಳಿಗೆಲ್ಲ ಅದೇ ಗಡಿಯಾರ. ಹಾಲು ಕರೆಯುವುದು, ಒಲೆ ಹಚ್ಚುವುದು, ಮಕ್ಕಳು ಹುಟ್ಟಿದ ಹೊತ್ತು, ಎಲ್ಲ ಆ ಗಂಟೆಯ ಲೆಕ್ಕದಲ್ಲೇ.

ಅತ್ತೆ ಅವರೆಕಾಯಿಯ ಮೊರವನ್ನು ಪಕ್ಕಕ್ಕೆ ಸರಿಸಿದಳು.

"ಅವ್ವ," ಎಂದಳು. "ನಾನು ಹುಟ್ಟಿದಾಗ ಬೆಳಗಿನ ಗಂಟೆ ಹೊಡೀತಿತ್ತು ಅಂತೀಯಲ್ಲ."

"ಹೂಂ. ಢಣ್ ಅಂತು, ನೀನು ಕಿರುಚಿದೆ. ಸಂಕ್ರಾಂತಿ ಹಿಂದಿನ ದಿನ. ಇನ್ನೂ ಸರ್ಯಾಗಿ ಬೆಳಕೇ ಹರಿದಿರ್ಲಿಲ್ಲ."

"ಸಂಕ್ರಾಂತಿ ಅಂದ್ರೆ ಹಣ್ಣಿನ ಟೈಮು."

ಅಪ್ಪ ನಿಧಾನವಾಗಿ ತಲೆಯೆತ್ತಿದರು. ನಮಗೆಲ್ಲ ಒಬ್ಬರಾದ ಮೇಲೆ ಒಬ್ಬರಿಗೆ ಅರ್ಥವಾಗುತ್ತ ಹೋಯಿತು. ಅಜ್ಜ ಜಾತಕ ಬರೆಸಲು ಹೋದದ್ದು ಮಗಳು ಮದುವೆಗೆ ಬಂದ ಮೇಲೆ. ಬೆಳಗಿನ ಗಂಟೆ ಹೊಡೆದಾಗ ಹುಟ್ಟಿದ್ದು ಎಂದಿದ್ದಾರೆ. ಎಸ್ಟೇಟಿನ ಗಂಟೆ ಎಷ್ಟು ಹೊತ್ತಿಗೆ ಎಂದು ಜೋಯಿಸರಿಗೂ ಗೊತ್ತು, ಊರಿಗೇ ಗೊತ್ತು. ಆ ಹೊತ್ತನ್ನೇ ಬರೆದುಕೊಂಡಿದ್ದಾರೆ. ಹಣ್ಣಿನ ಕಾಲದಲ್ಲಿ ಗಂಟೆ ಅರ್ಧ ತಾಸು ಮುಂಚೆಯೇ ಹೊಡೆಯುತ್ತದೆ ಎನ್ನುವುದು ಆ ಹೊತ್ತಿನಲ್ಲಿ ಯಾರ ತಲೆಗೂ ಹೊಳೆದಿಲ್ಲ. ಮೇಸ್ತ್ರಿಯಾಗಿ ದಿನಾ ಆ ಗಂಟೆ ಕೇಳುತ್ತಿದ್ದ ಅಜ್ಜನಿಗೂ ಹೊಳೆದಿಲ್ಲ.

"ಅರ್ಧ ಗಂಟೇಲಿ ಏನಾಗ್ತದೆ ಬಿಡಿ," ಎಂದರು ರೈಟರು. ಹೇಳಿದ ಮೇಲೆ ಅವರಿಗೇ ಧೈರ್ಯ ಸಾಲಲಿಲ್ಲ. "ಆಗ್ತದಾ ಟೀಚರಮ್ಮ?"

ಆಗಬಹುದು. ಅಷ್ಟರಲ್ಲಿ ಲಗ್ನ ಬದಲಾಗಬಹುದು, ಲಗ್ನ ಬದಲಾದರೆ ಕುಜ ಇರುವ ಮನೆಯೂ ಬದಲಾಗುತ್ತದೆ. ಇದನ್ನೆಲ್ಲ ನಾನು ಕಲಿತದ್ದು ನನ್ನ ಜಾತಕದ ಜೊತೆ ಗುದ್ದಾಡುವಾಗ. ನನಗೆ ಒಂದು ಕ್ಷಣ ನಾನು ಯಾವ ಕಡೆಯವಳು ಎಂದೇ ತಿಳಿಯಲಿಲ್ಲ. ಕುಜ ಬರೀ ಕಲ್ಲು ಎಂದು ತೋರಿಸಲು ಟಿವಿ ಹಾಕಿದವಳು, ಈಗ ಆ ಕಲ್ಲು ಎಷ್ಟನೇ ಮನೆಯಲ್ಲಿತ್ತು ಎಂದು ಕೈಬೆರಳಿನಲ್ಲಿ ಎಣಿಸುತ್ತಿದ್ದೆ.

ಆಗ ಕರೆಂಟ್ ಹೋಯಿತು. ಮಂಗಳದ ನೆಲ ಕಪ್ಪಾಯಿತು.

ಯಾರೂ ಏಳಲಿಲ್ಲ. ನಾನು ಫೋನು ತೆಗೆದೆ. ಈಗ ಜೋಯಿಸರ ಮನೆಗೆ ಹೋಗಬೇಕಾಗಿಲ್ಲ, ಹುಟ್ಟಿದ ದಿನ, ಹೊತ್ತು, ಊರು ಹಾಕಿದರೆ ಜಾತಕ ಫೋನಿನಲ್ಲೇ ಬರುತ್ತದೆ. ಅತ್ತೆ ಹುಟ್ಟಿದ ದಿನ ಹಾಕಿದೆ. ಅರ್ಧ ಗಂಟೆ ಹಿಂದಕ್ಕೆ ಇಟ್ಟು ಹೊತ್ತು ಹಾಕಿದೆ. ಒಂದು ಸಲ ಒತ್ತಿದರೆ ಮುಗಿಯಿತು. ಅಷ್ಟರಲ್ಲಿ ಅದೇ ಫೋನಿಗೆ ಊರಿನ ವಾಟ್ಸಾಪ್ ಗುಂಪಿನ ಸಂದೇಶ ಬಂತು. ಕೆಳಗಿನ ತೋಟದಲ್ಲಿ ಆನೆಗಳು ಬಗನಿ ಮರ ಕೆಡವಿವೆ, ಮರ ಲೈನಿನ ಮೇಲೆ ಬಿದ್ದಿದೆ, ಆ ಕಡೆ ಯಾರೂ ಓಡಾಡಬೇಡಿ ಎಂದಿತ್ತು. ಓದಿ ಹೇಳಿದೆ.

"ಆ ಹುಡುಗ ಎಲ್ಲವ್ನೆ?" ಎಂದಳು ಅತ್ತೆ.

"ಅಲ್ಲೇ ಇರ್ತಾನೆ. ಅವನ ಕೆಲಸ ತಾನೇ."

"ಫೋನ್ ಮಾಡು."

ಮಾಡಿದೆ. ಎತ್ತಲಿಲ್ಲ. ಕಂಬ ಹತ್ತುವಾಗ ಫೋನನ್ನು ಬೈಕಿನ ಬ್ಯಾಗಿನಲ್ಲಿ ಇಟ್ಟಿರುತ್ತಾನೆ ಎಂದೆ. ಅದು ನಿಜವೇ. ಆದರೂ ಮತ್ತೆ ಮಾಡಿದೆ, ಮತ್ತೆ ಎತ್ತಲಿಲ್ಲ. ಮಂಗಳ ಗ್ರಹದಲ್ಲಿ ಯಾರೂ ಇಲ್ಲ ಎಂದು ಹತ್ತು ನಿಮಿಷದ ಹಿಂದೆ ಜಂಬದಿಂದ ತೋರಿಸಿದವಳು ನಾನು. ಈಗ ಮನಸ್ಸಿನಲ್ಲೇ ಯಾರಿಗೋ ಕೈಮುಗಿಯುತ್ತಿದ್ದೆ. ಕೈಗೆ ಏನಾದರೂ ಕೆಲಸ ಬೇಕಿತ್ತು. ಮತ್ತೆ ಜಾತಕದ ಪುಟ ತೆರೆದೆ.

ಅತ್ತೆ ಎದ್ದು ಬಂದು ಫೋನಿನ ಮೇಲೆ ಕೈಯಿಟ್ಟಳು. ಅವರೆಕಾಯಿಯ ಸೊಗಡು ಅಂಟಿದ ಕೈ.

"ಅದನ್ನ ಒತ್ತಬೇಡ," ಎಂದಳು.

"ನೋಡಿಬಿಡೋಣ ಅತ್ತೆ. ದೋಷ ಇತ್ತೋ ಇಲ್ವೋ ಗೊತ್ತಾಗುತ್ತಲ್ಲ."

"ಬೇಡ ಅಂದ್ನಲ್ಲ."

ಅಪ್ಪನೂ ನನ್ನನ್ನು ನೋಡಿ ಬೇಡ ಎಂಬಂತೆ ತಲೆಯಾಡಿಸಿದರು. ಅಪ್ಪನ ಕಣ್ಣು ತುಂಬಿತ್ತು. ಅಜ್ಜಿ ಗೋಡೆ ಕಡೆಗೆ ಮುಖ ಮಾಡಿ ಮಲಗಿದ್ದಳು, ನಿದ್ದೆ ಬಂದಂತಿರಲಿಲ್ಲ. ರೈಟರು ಖಾಲಿ ಕಾಫಿ ಲೋಟವನ್ನು ಎರಡೆರಡು ಸಲ ಬಾಯಿಗೆ ಇಟ್ಟುಕೊಂಡರು. ನಾವು ಹಾಗೇ ಕಾದೆವು. ಸೌರಮಂಡಲ ಎಲ್ಲಿಗೆ ಬಂದು ನಿಂತಿತ್ತೋ ಯಾರಿಗೂ ಬೇಕಿರಲಿಲ್ಲ.

ಕರೆಂಟ್ ಬಂದಾಗ ಟಿವಿಯಲ್ಲಿ ಶನಿ ತಿರುಗುತ್ತಿದ್ದ. ಹಿಂದೆಯೇ ನನ್ನ ಫೋನು ಬಡಿದುಕೊಂಡಿತು.

"ಬಂತಾ?" ಎಂದ ಲೈನ್‌ಮನ್. ಅವನು ಯಾವಾಗಲೂ ಮೊದಲು ಕೇಳುವುದೇ ಅದು, ಮನೆಗೆ ಕರೆಂಟ್ ಬಂತಾ ಎಂದು.

"ಬಂತು," ಎಂದೆ. "ಇಳಿದ್ಯಾ?"

"ಇಳೀದೆ ಫೋನ್ ಮಾಡ್ತೀನಾ ಮಾರಾಯ್ತಿ?"

ಅತ್ತೆ ಅದನ್ನು ಕೇಳಿಸಿಕೊಂಡು, ಮೊರ ಎತ್ತಿಕೊಂಡು ಅಡುಗೆಮನೆಗೆ ಹೋದಳು. ರೈಟರು ಶನಿಯನ್ನು ಸ್ವಲ್ಪ ಹೊತ್ತು ನೋಡಿ, ನೀರಿನ ಮೇಲೆ ಇಟ್ಟರೆ ತೇಲುವಷ್ಟು ಹಗುರ ಎಂದು ಟಿವಿ ಹೇಳಿದ್ದಕ್ಕೆ, "ಏಳೂವರೆ ವರ್ಷ ನನ್ನ ತಲೆ ಮೇಲೆ ಕೂತಿದ್ದಾಗ ಏನು ಭಾರ ಇದ್ದ ಮಾರಾಯ," ಎಂದು ಹೇಳಿ ಎದ್ದು ಹೋದರು.

ಸಂಜೆ ಕಣದಲ್ಲಿ ಕಾಫಿಯನ್ನು ಗುಡ್ಡೆ ಮಾಡಿ ಟಾರ್ಪಾಲ್ ಹೊದಿಸುವ ಕೆಲಸ ನನ್ನದು ಮತ್ತು ಅತ್ತೆಯದು. ಅವತ್ತೂ ಇಬ್ಬರೂ ಉದ್ದ ಹಿಡಿಯ ಹಲುಬೆಯಲ್ಲಿ ಕಾಫಿ ಎಳೆಯುತ್ತಿದ್ದೆವು. ಹಣ್ಣು ಅರ್ಧ ಒಣಗಿ ಕಪ್ಪಾಗಿತ್ತು, ಹುಳಿ ವಾಸನೆ ಏಳುತ್ತಿತ್ತು. ನಾನು ಇನ್ನು ಸುಮ್ಮನಿರಲಾರದೆ, ಯಾಕೆ ಒತ್ತಲು ಬಿಡಲಿಲ್ಲ ಎಂದು ಕೇಳಿಯೇಬಿಟ್ಟೆ.

ಅವಳು ಹಲುಬೆಗೆ ಗಲ್ಲ ಆನಿಸಿ ನಿಂತಳು.

"ಬಾಳ್ಳುಪೇಟೇಲಿ ಬಸ್ಸು ಆ ಅಂಗಡಿ ಎದ್ರಿಗೇ ನಿಲ್ತದೆ," ಎಂದಳು. "ನಾನು ಕಿಟಕಿ ಪಕ್ಕನೇ ಕೂರೋದು. ತಲೆ ಪೂರಾ ಬೆಳ್ಳಗಾಗೈತೆ ಈಗ. ಹೊಟ್ಟೆ ಬಂದೈತೆ. ಮೊಮ್ಮಗೂನ ತೊಡೆ ಮೇಲೆ ಕೂರಿಸ್ಕಂಡು ಗಿರಾಕಿ ಜೊತೆ ಮಾತಾಡ್ತಿರ್ತಾರೆ. ನನ್ನ ಕಡೆ ನೋಡಲ್ಲ, ನೋಡ್ಲಿ ಅಂತ ನಾನೂ ಕೂತಿರಲ್ಲ. ಇದ್ದಾರಲ್ಲ ಅಂತ ಒಂದು ಸಮಾಧಾನ. ನಾನು ಬೇಡ ಅಂದಿದ್ರಿಂದ ಇದ್ದಾರೆ ಅಂತ."

ಅವಳು ಹೆದರಿ ಮದುವೆ ಬಿಟ್ಟವಳು ಎಂದು ಇಷ್ಟು ವರ್ಷ ನಾನು ತಿಳಿದಿದ್ದೆ, ಮನೆಯವರೆಲ್ಲ ತಿಳಿದಿದ್ದರು. ಒಬ್ಬ ಮನುಷ್ಯನನ್ನು ಬದುಕಿಸಿದ್ದೇನೆ ಎಂದುಕೊಂಡು ಅವಳು ಬದುಕಿದ್ದಳು.

"ಆ ಫೋನಿನಾಗೆ ದೋಷನೇ ಇರ್ಲಿಲ್ಲ ಅಂತ ಬಂದ್ರೆ," ಎಂದಳು, "ನಾನು ಮಾಡಿದ್ದು ಏನು ಹಂಗಾದ್ರೆ?"

ಟಿವಿ ನಿಜವಾದರೆ ಅವಳು ಯಾರನ್ನೂ ಬದುಕಿಸಲಿಲ್ಲ. ಜೋಯಿಸರ ಶಾಸ್ತ್ರವೇ ನಿಜವಾಗಿದ್ದು, ಅವರು ಬರೆದುಕೊಂಡ ಹೊತ್ತು ತಪ್ಪಾಗಿದ್ದರೂ ಬಹುಶಃ ಬದುಕಿಸಲಿಲ್ಲ. ಎರಡರಲ್ಲಿ ಯಾವುದನ್ನು ಹಿಡಿದರೂ ಅವಳ ಕೈ ಖಾಲಿ. ನಾನು ಕಾಫಿ ಗುಡ್ಡೆಯನ್ನು ಸುಮ್ಮನೆ ಸವರುತ್ತ ನಿಂತೆ. ಅತ್ತೆ ಟಾರ್ಪಾಲಿನ ತುದಿ ಹಿಡಿದು, ಇನ್ನೊಂದು ತುದಿ ಹಿಡಿ ಎಂದು ಸನ್ನೆ ಮಾಡಿದಳು. ಇಬ್ಬರೂ ಸೇರಿ ಹೊದಿಸಿದೆವು. ಗಾಳಿಗೆ ಹಾರದಂತೆ ಸುತ್ತ ಕಲ್ಲು ಇಡುತ್ತಿದ್ದಾಗ, ನನ್ನ ಮುಖ ನೋಡದೆಯೇ ಹೇಳಿದಳು.

"ನೀನು ಅವ್ನನ್ನ ಮಾಡ್ಕೋ."

"ಏನಂದೆ?"

"ಆ ಹುಡುಗನ್ನ. ಮಾಡ್ಕೋ ಅಂದೆ. ಅಣ್ಣಂಗೆ ನಾನು ಹೇಳ್ತೀನಿ."

"ನನಗೆ ದೋಷ ಇದೆಯಲ್ಲ ಅತ್ತೆ, ನೀನೇ..."

"ನಿನ್ನ ವಿಷ್ಯಕ್ಕೆ ಆ ಟಿವಿಯವ್ರು ತೋರ್ಸಿದ್ದೇ ನಿಜ ಅಂತ ಇಟ್ಕೋ. ಅಲ್ಲಿ ಬರೀ ಮಣ್ಣು, ಯಾರೂ ಇಲ್ಲ. ನನ್ನ ವಿಷ್ಯಕ್ಕೆ ಮಾತ್ರ ಜೋಯಿಸ್ರು ಹೇಳಿದ್ದೇ ಇರ್ಲಿ."

"ಎರಡೂ ಒಟ್ಟಿಗೆ ಹೇಗೆ ನಿಜ ಆಗುತ್ತೆ?"

"ನಂಗೇನು ಗೊತ್ತು," ಎಂದಳು ಅತ್ತೆ. "ನೀನಲ್ವಾ ಟೀಚರು."

ಮಳೆಗಾಲ ಹಿಡಿಯುವ ಮೊದಲೇ ನಮ್ಮ ಮದುವೆಯಾಯಿತು. ಆ ಜಾತಕದ ಪುಟವನ್ನು ಅವತ್ತೇ ಫೋನಿನಿಂದ ತೆಗೆದುಹಾಕಿದ್ದೆ, ಮತ್ತೆ ತೆರೆಯುವ ಧೈರ್ಯ ಬಂದಿಲ್ಲ. ಟಿವಿಯಲ್ಲಿ ತೋರಿಸಿದ್ದನ್ನು ಅತ್ತೆ ನನ್ನ ಮಟ್ಟಿಗೆ ನಂಬಿದಳು ಎಂದೇ ನಾನು ನೆಮ್ಮದಿಯಾಗಿದ್ದೆ. ಆಷಾಢಕ್ಕೆ ತವರಿಗೆ ಬಂದಾಗ ಒಂದು ಮಂಗಳವಾರ ಅವಳು ದೇವಸ್ಥಾನಕ್ಕೆ ಹೊರಟಿದ್ದಳು. ತೊಗರಿಬೇಳೆ ಡಬ್ಬದ ಮುಂದೆ ಕೂತು ಎಂದಿನ ಒಂದು ಪಾವು ತುಂಬಿ ಬಟ್ಟೆಗೆ ಸುರಿದಳು. ಗಂಟು ಕಟ್ಟುತ್ತಾಳೆ ಎಂದು ನೋಡುತ್ತಿದ್ದೆ. ಅವಳು ಮತ್ತೆ ಡಬ್ಬಕ್ಕೆ ಕೈಹಾಕಿ ಇನ್ನೊಂದು ಪಾವು ತುಂಬಿದಳು.